ಬ್ರಿಟನ್ ಮನೆಯ ಹೀಟಿಂಗ್: ಹಳೆಯ ಮೋಟರ್ ವಾಲ್ವ್ ಬದಲಿಸುವ ಮುನ್ನ

ಬಿಸಿನೀರಿನ ಸ್ವಿಚ್ ಮಾತ್ರ ಹಾಕಿದ್ದೀರಿ, ಆದರೂ ಜುಲೈ ತಿಂಗಳಲ್ಲಿ ರೇಡಿಯೇಟರ್‌ಗಳು ಸುಡುತ್ತಿವೆ. ಇಲ್ಲವೇ ನಲ್ಲಿಯಲ್ಲಿ ಬಿಸಿನೀರು ಚೆನ್ನಾಗಿ ಬರುತ್ತದೆ, ಮನೆ ಮಾತ್ರ ಕಾಯುವುದೇ ಇಲ್ಲ. ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಹೀಗಾದರೆ ಬಾಯ್ಲರ್ ಕೆಟ್ಟಿತೆಂದು ಹೆದರುವ ಮೊದಲು ಮೋಟರ್ ವಾಲ್ವ್ ನೋಡಿ.

ನಮ್ಮೂರಿನ ಗೀಸರ್‌ಗೆ ಸ್ನಾನದ ನೀರು ಕಾಯಿಸುವುದೊಂದೇ ಕೆಲಸ. ಇಲ್ಲಿ ಒಂದೇ ಬಾಯ್ಲರ್ ರೇಡಿಯೇಟರ್‌ಗಳನ್ನೂ ಕಾಯಿಸಬೇಕು, ಬಿಸಿನೀರಿನ ಸಿಲಿಂಡರನ್ನೂ ಕಾಯಿಸಬೇಕು. ಕಾದ ನೀರು ಯಾವ ಕಡೆ ಹೋಗಬೇಕೆಂದು ದಾರಿ ಬಿಡುವುದೇ ಈ ವಾಲ್ವ್. ಮೂರು ಬಾಯಿಯದು ಒಂದೇ ಇದ್ದರೆ ವೈ ಪ್ಲಾನ್, ಎರಡು ಬಾಯಿಯವು ಎರಡಿದ್ದರೆ ಎಸ್ ಪ್ಲಾನ್. ಸಾಮಾನ್ಯವಾಗಿ ಸಿಲಿಂಡರ್ ಇರುವ ಕಪಾಟಿನಲ್ಲೇ ಸಿಗುತ್ತದೆ. ಸಿಲಿಂಡರೇ ಇಲ್ಲದ ಕಾಂಬಿ ಬಾಯ್ಲರ್‌ನವರಿಗೆ ಈ ಮಾತು ಅನ್ವಯಿಸದು.

ಬಾಡಿಗೆ ಮನೆಯಾದರೆ ಕೈ ಹಾಕಲೇಬೇಡಿ. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಹೀಟಿಂಗ್ ರಿಪೇರಿಯನ್ನು ಮನೆ ಓನರ್ ಮೇಲೇ ಹೊರಿಸಿದೆ. ಹೊಸದಾಗಿ ಬಂದವರು ಓನರ್ ಏನಂದುಕೊಳ್ಳುತ್ತಾರೋ ಎಂದು ಸಂಕೋಚಪಟ್ಟು, ಮಕ್ಕಳನ್ನು ಕಟ್ಟಿಕೊಂಡು ಚಳಿಯಲ್ಲಿ ಮುದುಡಿ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅಂದೇ ಇಮೇಲ್ ಬರೆಯಿರಿ.

ಸ್ವಂತ ಮನೆಯಾದರೆ ಮೊದಲು ತಿಳಿಯಬೇಕಾದದ್ದು: ಕೆಟ್ಟಿರುವುದು ವಾಲ್ವಿನ ತಲೆಯೋ (ಮೋಟರ್ ಇರುವ ಮೇಲ್ಭಾಗ), ಒಡಲೋ (ಪೈಪಿಗೆ ಕೂಡಿದ, ನೀರು ಹಾಯುವ ಭಾಗ)? ಎರಡು ಬಾಯಿಯ ವಾಲ್ವ್‌ನ ಪಕ್ಕದಲ್ಲಿ ಪುಟ್ಟ ಲಿವರ್ ಇದೆ. ಹೀಟಿಂಗ್ ಆಫ್ ಇದ್ದಾಗ ಅದನ್ನು ಸರಿಸಿದರೆ ಸ್ಪ್ರಿಂಗ್‌ನ ಬಿಗಿ ಕೈಗೆ ಸಿಗಬೇಕು. ಆನ್ ಮಾಡಿದ ಮೇಲೆ ಸಣ್ಣ ಗುರ್ ಸದ್ದು ಬಂದು, ಲಿವರ್ ಸಡಿಲವಾಗಬೇಕು. ಆಗಲೂ ಬಿಗಿಯಾಗೇ ಇದ್ದರೆ ಬಹುಶಃ ಮೋಟರ್ ಸುಟ್ಟಿದೆ. ಹಾಗಿದ್ದರೆ ನೀರು ಖಾಲಿ ಮಾಡದೆ ತಲೆಯನ್ನಷ್ಟೇ ಬದಲಿಸಬಹುದು. ಹನಿವೆಲ್ ವಾಲ್ವ್ ಮುಚ್ಚಳದ ಮೇಲೆ ಸಣ್ಣ ಉಬ್ಬು ಇದ್ದರೆ ಅದರ ತಲೆ ಬಿಚ್ಚಿ ತೆಗೆಯುವಂಥದ್ದು. ತೆಗೆದ ಮೇಲೆ ಕಡ್ಡಿಯಂಥ ಸ್ಪಿಂಡಲ್ ಬೆರಳಿಗೆ ಸಲೀಸಾಗಿ ತಿರುಗಬೇಕು. ಜಾಮ್ ಆಗಿದ್ದರೆ ಮಾತ್ರ ಪೂರ್ತಿ ವಾಲ್ವ್ ಬದಲಿಸಬೇಕು. ಇದನ್ನು ನೋಡದೆಯೇ ಇಡೀ ವಾಲ್ವ್ ಬದಲಿಸಲು ಹೇಳಿ ಹಣ ಕಳೆದುಕೊಳ್ಳುವವರು ಎಷ್ಟೋ ಮಂದಿ.

ಮುಚ್ಚಳ ತೆಗೆಯುವ ಮೊದಲು ಗೋಡೆಯ ಫ್ಯೂಸ್ ಸ್ಪರ್ (ಹೀಟಿಂಗ್‌ಗೆ ಕರೆಂಟ್ ಕೊಡುವ, ಫ್ಯೂಸ್ ಇರುವ ಸ್ವಿಚ್) ಆಫ್ ಮಾಡಿ, ಫ್ಯೂಸನ್ನೇ ಹೊರಗೆ ತೆಗೆದಿಡಿ. ಟೈಮರ್ ಆಫ್ ಮಾಡಿದರೆ ಸಾಲದು, ಎರಡು ಬಾಯಿಯ ವಾಲ್ವ್‌ನ ಬೂದು ವಯರ್‌ನಲ್ಲಿ ಆಗಲೂ ಕರೆಂಟ್ ಇರುತ್ತದೆ. ವಯರ್ ಬಿಚ್ಚುವ ಮುನ್ನ ಫೋಟೋ ತೆಗೆಯಿರಿ. ಬಾಯ್ಲರ್‌ನ ಗ್ಯಾಸ್ ಕೆಲಸವೆಲ್ಲ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿ) ಹೆಸರಿರುವವರದು, ಅದು ಕಾನೂನು. ಮೇನ್ಸ್ ಒತ್ತಡದ ಅನ್‌ವೆಂಟೆಡ್ ಸಿಲಿಂಡರ್ ಇದ್ದರೆ ಅದರ ವಾಲ್ವ್ ಸುರಕ್ಷತೆಯ ಭಾಗವೂ ಹೌದು, ಅದನ್ನೂ ಅರ್ಹರಿಗೇ ಬಿಡಿ.

ಪೂರ್ತಿ ವಾಲ್ವ್ ಬದಲಿಸುವಾಗ ಸಿಸ್ಟಂ ತಣ್ಣಗಾಗಲು ಬಿಟ್ಟು, ಅಟ್ಟದಲ್ಲಿ ಫೀಡ್ ಟ್ಯಾಂಕ್ ಇದ್ದರೆ ಅದರ ನೀರು ನಿಲ್ಲಿಸಿ, ಕೆಳಗಿನ ಡ್ರೈನ್ ಕಾಕ್‌ಗೆ ಪೈಪ್ ಹಾಕಿ ನೀರು ಇಳಿಸುತ್ತಾರೆ. ಮೂರು ಬಾಯಿಯ ವಾಲ್ವ್‌ನಲ್ಲಿ ಎಬಿ ಎಂದು ಗುರುತಿರುವ ಬಾಯಿ ಒಳಬರುವ ದಾರಿ, ಎ ರೇಡಿಯೇಟರ್‌ಗೆ, ಬಿ ಸಿಲಿಂಡರ್‌ಗೆ, ಅದಲುಬದಲಾಗಬಾರದು. ನಟ್ ತಿರುಗಿಸುವಾಗ ಇನ್ನೊಂದು ಸ್ಪ್ಯಾನರ್‌ನಿಂದ ವಾಲ್ವ್ ಹಿಡಿದುಕೊಳ್ಳದಿದ್ದರೆ ಪೈಪೇ ತಿರುಚುತ್ತದೆ. ಮತ್ತೆ ನೀರು ತುಂಬುವಾಗ ತುಕ್ಕು ತಡೆಯುವ ಇನ್ಹಿಬಿಟರ್ ಹಾಕಿಸುವುದನ್ನು ಮರೆಯಬೇಡಿ, ಹಳೆಯದು ನೀರಿನೊಂದಿಗೇ ಹೋಗಿರುತ್ತದೆ. ಅಟ್ಟದಲ್ಲಿ ಫೀಡ್ ಟ್ಯಾಂಕ್ ಇಲ್ಲದ ಸೀಲ್ಡ್ ಸಿಸ್ಟಂ ಆದರೆ ತಣ್ಣಗಿದ್ದಾಗ ಒತ್ತಡ 1ರಿಂದ 1.5 ಬಾರ್ ಇರಲಿ. ರೇಡಿಯೇಟರ್‌ಗಳ ಗಾಳಿ ತೆಗೆದು, ಹೀಟಿಂಗ್ ಒಂದನ್ನೇ, ಬಿಸಿನೀರೊಂದನ್ನೇ, ಆಮೇಲೆ ಎರಡನ್ನೂ ಹಾಕಿ ನೋಡಿ. ಪೈಪು ಪೂರ್ತಿ ಕಾದ ಮೇಲೆ ನಟ್‌ಗಳ ಸುತ್ತ ಒಣ ಟಿಶ್ಯೂ ಒತ್ತಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ.