ಇಲ್ಲದ ಜೋಡಿಗೆ ಸಂಬಂಧ ಕುದುರಿಸುವ ಬಗೆ

ಹನ್ನೆರಡು ವರ್ಷದಿಂದ ನಾನು ಬೇರೆಯವರು ಸೃಷ್ಟಿಸಿದ ಪಾತ್ರಗಳಿಗೆ ಸಂಬಂಧ ಕುದುರಿಸುತ್ತಿದ್ದೇನೆ, ಯಾರೂ ಕೇಳದೇ ಇದ್ದರೂ. ಇದಕ್ಕೆ ಶಿಪ್ಪಿಂಗ್ ಅನ್ನುತ್ತಾರೆ. 1990ರ ದಶಕದಲ್ಲಿ ‘ಎಕ್ಸ್-ಫೈಲ್ಸ್’ ಧಾರಾವಾಹಿಯ ಮಲ್ಡರ್ ಮತ್ತು ಸ್ಕಲ್ಲಿ ಒಂದಾಗಲಿ ಎಂದು ಹಂಬಲಿಸಿದ ಅಭಿಮಾನಿಗಳಿಗೆ ‘ರಿಲೇಶನ್‌ಶಿಪ್ಪರ್’ ಎಂಬ ಹೆಸರಿತ್ತು. ಆಮೇಲೆ ಆ ಪದದ ಬಾಲವಾದ ‘ಶಿಪ್ಪರ್’ ಮಾತ್ರ ಉಳಿಯಿತು. ಹಡಗಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಜೋಡಿ ಕಟ್ಟಬೇಡಿ ಎನ್ನಲು ನಾನು ಬಂದಿಲ್ಲ. ಧಾರಾಳವಾಗಿ ಕಟ್ಟಿ. ಮೂಲದಲ್ಲಿ ಇರುವುದೆಷ್ಟು, ನೀವು ಕೈಯಿಂದ ಹಾಕಿದ್ದೆಷ್ಟು ಎಂಬ ಲೆಕ್ಕ ಮಾತ್ರ ಇಟ್ಟುಕೊಳ್ಳಿ.

ಮೊದಲು ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. ಬಲಗಡೆ ನಿಮಗೆ ಅನ್ನಿಸಿದ್ದು. ನಾನು ಬೆನ್ನು ಹತ್ತಿದ್ದ ಒಂದು ಬಾಹ್ಯಾಕಾಶ ಧಾರಾವಾಹಿಯಲ್ಲಿ ಒಬ್ಬ ಪೈಲಟ್, ಒಬ್ಬ ಮೆಕ್ಯಾನಿಕ್, ಇಬ್ಬರೂ ಗಂಡಸರು. ಅವರ ಒಂದು ದೃಶ್ಯಕ್ಕೆ ನನ್ನ ಎಡಗಡೆ ಬರೆದದ್ದು ಇಷ್ಟು: ‘ಪೈಲಟ್ ಕೋಟು ಬಿಚ್ಚಿ ಕೊಟ್ಟ. ಮೆಕ್ಯಾನಿಕ್ ಹೊದ್ದುಕೊಂಡ. ನಾಲ್ಕು ಸೆಕೆಂಡು ಮಾತಿಲ್ಲ.’ ಬಲಗಡೆ? ಒಂದೂವರೆ ಪುಟ.

ನಾಚಿಕೆಪಡುವ ಅಗತ್ಯವಿಲ್ಲ, ಮನಸ್ಸಿನ ಸ್ವಭಾವವೇ ಅದು. ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು 1944ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಒಂದು ಪುಟ್ಟ ಚಿತ್ರ ತೋರಿಸಿದರು. ಅದರಲ್ಲಿದ್ದದ್ದು ಅತ್ತಿತ್ತ ಓಡಾಡುವ ಎರಡು ತ್ರಿಕೋನ, ಒಂದು ಚಿಕ್ಕ ವೃತ್ತ. ಕಂಡದ್ದನ್ನು ಬರೆಯಿರಿ ಎಂದಾಗ ಮೊದಲ ಗುಂಪಿನ 34 ಜನರಲ್ಲಿ ಒಬ್ಬರು ಮಾತ್ರ ಆಕಾರಗಳ ಬಗ್ಗೆ ಬರೆದರು. ಉಳಿದವರಿಗೆಲ್ಲ ಕಂಡದ್ದು ಜೀವವಿರುವ ಪಾತ್ರಗಳು. ಒಂದು ಹುಡುಗಿಗಾಗಿ ಇಬ್ಬರು ಗಂಡಸರು ಕಾದಾಡಿದ ಕಥೆಯೂ ಅದರಲ್ಲಿ ಹುಟ್ಟಿಕೊಂಡಿತು. ಅಕ್ಷರಶಃ ತ್ರಿಕೋನ ಪ್ರೇಮ! ರೇಖಾಗಣಿತಕ್ಕೇ ಪ್ರೀತಿ ಅಂಟಿಸುವ ನಾವು ನಾಲ್ಕು ಸೆಕೆಂಡಿನ ಮೌನವನ್ನು ಬಿಡುತ್ತೇವೆಯೇ?

ಆಮೇಲೆ ಅದೇ ದೃಶ್ಯವನ್ನು ಸದ್ದು ಬಂದ್ ಮಾಡಿ ನೋಡಿ. ನನ್ನ ಕೋಟಿನ ದೃಶ್ಯದಲ್ಲಿ ಅರ್ಧ ಪ್ರೀತಿ ಪಿಟೀಲಿನದಾಗಿತ್ತು. ಯಾರ ಮಾತಿನ ನಂತರ ಯಾರ ಮುಖಕ್ಕೆ ಕ್ಯಾಮೆರಾ ಹೋಗುತ್ತದೆ ಎನ್ನುವುದನ್ನೂ ಎಡಗಡೆ ಬರೆದುಕೊಳ್ಳಿ. ಪಕ್ಕದ ಶಾಟ್ ಬದಲಾದರೆ ಅದೇ ಮುಖ ಬೇರೆ ಭಾವ ಹೇಳುತ್ತದೆ. ಸಂಕಲನಕಾರರ ಕೆಲಸಕ್ಕೆ ನಟರ ಕಣ್ಣನ್ನು ಹೊಗಳುವುದು ನಮ್ಮವರ ಹಳೆಯ ಚಟ.

ಈಗ ಕಷ್ಟದ ಭಾಗ. ಇಬ್ಬರಲ್ಲಿ ಒಬ್ಬರ ಲಿಂಗ ಬದಲಿಸಿ ಓದಿ. ಮೆಕ್ಯಾನಿಕ್ ಹೆಣ್ಣಾಗಿದ್ದರೆ ಆ ಕೋಟನ್ನು ‘ಸ್ನೇಹ’ ಅನ್ನುತ್ತಿದ್ದಿರಾ? ಮೊದಲ ಕಂತಿನಲ್ಲೇ ಅರ್ಧ ಪ್ರೇಕ್ಷಕರು ಇಬ್ಬರಿಗೂ ಮದುವೆ ಮಾಡಿಸಿರುತ್ತಿದ್ದರು. ಅಂದರೆ ‘ನಾನು ಏನನ್ನೂ ಆರೋಪಿಸುತ್ತಿಲ್ಲ, ಇರುವುದನ್ನು ನೋಡುತ್ತೇನೆ’ ಎನ್ನುವವರ ಬಲಗಡೆಯೂ ಖಾಲಿ ಇಲ್ಲ. ಪಾತ್ರದ ಲೈಂಗಿಕತೆಯ ಬಗ್ಗೆ ಕೃತಿ ಬಾಯಿ ಬಿಡದಿದ್ದರೆ ಎಡಗಡೆ ‘ಹೇಳಿಲ್ಲ’ ಎಂದು ಬರೆಯಿರಿ, ‘ಹೆಣ್ಣನ್ನೇ ಇಷ್ಟಪಡುತ್ತಾನೆ’ ಎಂದಲ್ಲ. ಪ್ರೇಮ ತನಗೆ ಬೇಡ ಎಂದು ಪಾತ್ರವೇ ಹೇಳಿದ್ದರೆ ಅದೂ ಎಡಗಡೆಯ ಮಾತೇ. ಸರಿಯಾದ ಜೋಡಿ ಸಿಕ್ಕರೆ ವಾಸಿಯಾಗುವ ಕಾಯಿಲೆ ಅದಲ್ಲ.

‘ಹೇಳಿಲ್ಲ’ದ ಹಿಂದೆ ಕಾರಣವಿರುತ್ತದೆ. 1934ರಿಂದ 1960ರ ದಶಕದವರೆಗೆ ಹಾಲಿವುಡ್ ಸಿನಿಮಾಗಳ ನಿಯಮಾವಳಿಯೇ ಸಲಿಂಗ ಪ್ರೇಮಕ್ಕೆ ಕತ್ತರಿ ಹಾಕುತ್ತಿತ್ತು. ತಮ್ಮಂಥವರನ್ನು ಹುಡುಕುತ್ತಿದ್ದ ಪ್ರೇಕ್ಷಕರಿಗೆ ಒಂದು ನೋಟ, ಅರ್ಧಕ್ಕೆ ನಿಂತ ಮಾತು, ಇಷ್ಟೇ ಗತಿ. 1974ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಧಾರಾವಾಹಿಯ ಅಭಿಮಾನಿ ಪತ್ರಿಕೆಯೊಂದರಲ್ಲಿ ನೌಕೆಯ ಕ್ಯಾಪ್ಟನ್ ಕರ್ಕ್ ಮತ್ತು ಅವನ ಸಹ ಅಧಿಕಾರಿ ಸ್ಪಾಕ್ ನಡುವಿನ ಪ್ರಣಯದ ಪುಟ್ಟ ಕಥೆ ಬಂತು, ಪಾತ್ರಗಳ ಹೆಸರು ಕೂಡ ಹೇಳದೆ. ಇಬ್ಬರ ಹೆಸರಿನ ನಡುವೆ ಹಾಕುವ ಓರೆಗೆರೆಯಿಂದಲೇ ಆ ಬಗೆಯ ಕಥೆಗಳಿಗೆ ‘ಸ್ಲ್ಯಾಶ್’ ಎಂಬ ಹೆಸರು ಬಂದದ್ದು. 1979ರ ‘ಸ್ಟಾರ್ ಟ್ರೆಕ್’ ಸಿನಿಮಾದ ಕಾದಂಬರಿ ರೂಪದಲ್ಲಿ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿಯೇ ಸ್ಪಾಕ್ ಸೇರಿದ ವಲ್ಕನ್ ಜನರ ಭಾಷೆಯ ಒಂದು ಪದಕ್ಕೆ ಸ್ನೇಹಿತ, ಸಹೋದರ, ಪ್ರೇಮಿ ಎಂಬ ಮೂರೂ ಅರ್ಥ ಕೊಟ್ಟು, ಬಾಗಿಲನ್ನು ಪೂರ್ತಿ ಮುಚ್ಚದೆ, ಪೂರ್ತಿ ತೆರೆಯದೆ ಬಿಟ್ಟರು.

ಬರೆದು ಹಂಚುವಾಗ ಪ್ರೇಮಕ್ಕೆ ‘/’, ಸ್ನೇಹಕ್ಕೆ ‘&’ ಹಾಕುವುದು ವಾಡಿಕೆ. ಓದುವವರು ಅದನ್ನು ನೋಡಿಯೇ ಒಳಗೆ ಬರುತ್ತಾರೆ. ಪಾತ್ರ ಮಾಡಿದ ನಟರನ್ನು ‘ನಿಜವಾಗಲೂ ಏನಾದರೂ ಇದೆಯಾ’ ಎಂದು ಕೇಳಲು ಹೋಗಬೇಡಿ. ಅವರು ಕೂಲಿಗೆ ಕೋಟು ಕೊಟ್ಟವರು.

ಕೊನೆಯದಾಗಿ, ಬಲಗಡೆಯ ಸಾಲುಗಳಲ್ಲಿ ನಿಮ್ಮದೇ ಬದುಕು ಎಲ್ಲಿ ನುಸುಳಿದೆ ಎಂದು ಹುಡುಕಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಆ ಇಬ್ಬರ ಮೇಲೆ 38,000 ಪದಗಳ ಕಥೆ ಬರೆದು ಗೆಳತಿಗೆ ಕೊಟ್ಟಿದ್ದೆ. ಓದಿದವಳು ಕೇಳಿದ್ದು ಒಂದೇ ಪ್ರಶ್ನೆ: ‘ಈ ಮೆಕ್ಯಾನಿಕ್ ಯಾಕೆ ಮಾತೆತ್ತಿದರೆ ಕ್ಷಮೆ ಕೇಳ್ತಾನೆ ಕಣೇ?’ ಎಣಿಸಿದೆ. ಒಂಬತ್ತು ಸಲ. ಧಾರಾವಾಹಿಯಲ್ಲಿ ಆ ಮನುಷ್ಯ ಯಾರ ಹತ್ತಿರವೂ ಒಮ್ಮೆಯೂ ಕ್ಷಮೆ ಕೇಳಿದವನಲ್ಲ. ನನಗೆ ಒಬ್ಬರಿಂದ ಬರಬೇಕಿದ್ದ ಕ್ಷಮೆಯನ್ನು ನಾನು ಅವನ ಬಾಯಿಂದ ವಸೂಲಿ ಮಾಡುತ್ತಿದ್ದೆ.

ಒಂಬತ್ತನ್ನೂ ಹೊಡೆದು ಹಾಕಿದೆ. ಮತ್ತೆ ಬರೆದಾಗ ಅವನು ರಾತ್ರಿಯೆಲ್ಲ ಕೂತು ಪೈಲಟ್‌ನ ಕೆಟ್ಟ ಹೆಡ್‌ಸೆಟ್ ರಿಪೇರಿ ಮಾಡಿ, ಸೀಟಿನ ಮೇಲೆ ಇಟ್ಟು, ಏನೂ ಹೇಳದೆ ಹೋಗುತ್ತಾನೆ.