ವ್ಯಾನಿಗೆ ಸ್ಲೈಡಿಂಗ್ ಟ್ರೇ: ಚಾನೆಲ್ ತರಿಸಿ, ಪೆಟ್ಟಿಗೆ ಇಲ್ಲೇ ಮಾಡಿಸಿ

ಮುಂಬೈ, ಪುಣೆಯ ಕನ್ನಡಿಗರಿಗೆ ಊರಿನ ದಾರಿ ಎಂದರೆ ಒಂದೋ ಕೊಂಕಣದ ಹೆದ್ದಾರಿ 66, ಇಲ್ಲವೇ ಕೊಲ್ಹಾಪುರ, ಬೆಳಗಾವಿ ಮೇಲೆ ಹೋಗುವ 48. ಗೋವಾದವರಾದರೆ ಚೋರ್ಲಾ ಘಾಟಿ ಅಥವಾ ಅನಮೋಡ. ಈ ದಾರಿಗಳಲ್ಲಿ ಕ್ಯಾಂಪರ್‌ವ್ಯಾನ್ ಓಡಿಸುವವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. ಈಗ ಬೇಕಾದ ಸಾಮಾನು ಯಾವಾಗಲೂ ಎಲ್ಲದರ ಅಡಿಯಲ್ಲೇ ಇರುತ್ತದೆ. ಹಿಂದಿನ ಬಾಗಿಲು ತೆಗೆದು ಎಳೆದರೆ ಪೂರ್ತಿ ಹೊರಗೆ ಬರುವ ಸ್ಲೈಡಿಂಗ್ ಟ್ರೇ ಇದ್ದರೆ ಆ ಕಷ್ಟ ತಪ್ಪುತ್ತದೆ.

ಇಂಥ ಟ್ರೇ ಮಾಡುವ ಹೆಸರುವಾಸಿ ಕಂಪನಿಗಳು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅಮೆರಿಕದಲ್ಲಿವೆ. ಇಡೀ ಟ್ರೇಯನ್ನೇ ತರಿಸುವ ಮೊದಲು ನನ್ನ ಮಾತು ಸ್ವಲ್ಪ ಕೇಳಿ. ಹೊರದೇಶದಿಂದ ತರಿಸಬೇಕಾದದ್ದು ಅದರ ಚಾನೆಲ್ (ಟ್ರೇ ಜಾರುವ ಲೋಹದ ಹಳಿ) ಮತ್ತು ಲಾಕ್ ಮಾತ್ರ. ಪೆಟ್ಟಿಗೆಯನ್ನು ಇಲ್ಲೇ ಮಾಡಿಸಿ. ಯಾಕೆ ಅಂತ ಲೆಕ್ಕದ ಸಮೇತ ಹೇಳುತ್ತೇನೆ.

ಮೊದಲು ಟೇಪು, ಆಮೇಲೆ ತಕ್ಕಡಿ

ವ್ಯಾನಿನ ಒಳಗಿನ ಅಗಲ ನೋಡಿ ಅಳತೆ ಬರೆದುಕೊಳ್ಳಬೇಡಿ. ನಿಮಗೆ ಬೇಕಾದದ್ದು ಅತಿ ಕಡಿಮೆ ಅಗಲ. ಅದು ಎರಡು ಚಕ್ರಗಳ ಉಬ್ಬಿನ ನಡುವೆ ಇರಬಹುದು, ಬಾಗಿಲಿನ ಚೌಕಟ್ಟಿನಲ್ಲೂ ಇರಬಹುದು. ಬಾಗಿಲಿನ ರಬ್ಬರ್ ಬೀಡಿಂಗ್ ನೆಲಕ್ಕಿಂತ ಎಷ್ಟು ಮೇಲಿದೆ ನೋಡಿ. ಟ್ರೇ ಅದರ ಮೇಲೆ ಹಾದು ಬರಬೇಕಲ್ವಾ? ಹಳೆಯ ರಟ್ಟಿನ ಪೆಟ್ಟಿಗೆಯನ್ನು ಅದೇ ಅಳತೆಗೆ ಕತ್ತರಿಸಿ ಒಳಗಿಟ್ಟು, ಒಮ್ಮೆ ಬಾಗಿಲು ಹಾಕಿ ನೋಡಿ. ಟ್ರೇ ಎಷ್ಟು ಉದ್ದವೋ ವ್ಯಾನಿನ ಹಿಂದೆಯೂ ಅಷ್ಟು ಜಾಗ ಬೇಕು. ಮುಂಬೈಯ ಸೊಸೈಟಿಯಲ್ಲಿ ಗೋಡೆಗೆ ತಾಗಿಸಿ ನಿಲ್ಲಿಸುವವರು ಇದನ್ನು ಈಗಲೇ ಯೋಚಿಸಬೇಕು.

ಇನ್ನು ತೂಕ. ಟ್ರೇಯಲ್ಲಿ ಏನೇನು ಇಡುತ್ತೀರಿ ಎಂದು ಬರೆದು, ಒಂದೊಂದನ್ನೂ ತೂಗಿ. 20 ಲೀಟರ್ ನೀರಿನ ಕ್ಯಾನ್ ಎಂದರೆ 20 ಕಿಲೋ. ಅದರ ಜೊತೆ 12 ವೋಲ್ಟ್ ಫ್ರಿಜ್, ಸ್ಟವ್, ಪಾತ್ರೆ, ಅಕ್ಕಿಬೇಳೆ ಸೇರಿದರೆ 80 ಕಿಲೋ ಮುಟ್ಟುವುದು ಕಷ್ಟವೇನಲ್ಲ. ಪೆಟ್ಟಿಗೆಯ ತೂಕವನ್ನೂ ಕೂಡಿಸಿ. ಗ್ಯಾಸ್ ಸಿಲಿಂಡರ್ ಮಾತ್ರ ಈ ಪಟ್ಟಿಗೆ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮುಚ್ಚಿದ ಪೆಟ್ಟಿಗೆಯ ತಳದಲ್ಲೇ ನಿಲ್ಲುತ್ತದೆ.

ಚಾನೆಲ್ ಆರಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಕ್ಯಾಟಲಾಗಿನಲ್ಲಿ ಬರೆದ ಭಾರದ ಅಂಕಿ ಸಾಮಾನ್ಯವಾಗಿ ಒಂದು ಜೋಡಿ ಚಾನೆಲ್‌ಗೆ, ಅದೂ ಪೆಟ್ಟಿಗೆಯ ಎರಡು ಬದಿಗೆ ನಿಲ್ಲಿಸಿ ಕೂರಿಸಿದಾಗ ಅನ್ವಯಿಸುವಂಥದ್ದು. ಅದೇ ಚಾನೆಲನ್ನು ಪೆಟ್ಟಿಗೆಯ ಅಡಿಯಲ್ಲಿ ಮಲಗಿಸಿ ಕೂರಿಸಿದರೆ ಹೊರುವ ಶಕ್ತಿ ತುಂಬಾ ಇಳಿಯುತ್ತದೆ. ಜಾಗ ಉಳಿಸಲು ಕೆಲವರು ಹೀಗೆ ಮಲಗಿಸಲು ಹೇಳುತ್ತಾರೆ. ಒಪ್ಪಬೇಡಿ. ಚಾನೆಲ್ ಉದ್ದವಾದಷ್ಟೂ ಹೊರುವ ಭಾರ ಕಡಿಮೆಯಾಗುತ್ತದೆ, ಅದಕ್ಕೇ ನಿಮಗೆ ಬೇಕಾದ ಉದ್ದದ ಸಾಲಿನಲ್ಲೇ ಅಂಕಿ ಓದಿ. ಟ್ರೇ ಪೂರ್ತಿ ಹೊರಗೆ ಬಂದಾಗ ಅದರ ಭಾರವೆಲ್ಲ ಗಾಳಿಯಲ್ಲಿ ನಿಂತಿರುತ್ತದೆ, ಒಳಗೆ ಉಳಿದ ತುದಿಯನ್ನು ಮೇಲಕ್ಕೆ ಎತ್ತುತ್ತದೆ. ನಿಮ್ಮ ಲೆಕ್ಕ 80 ಕಿಲೋ ಆದರೆ 120 ಕಿಲೋಗೆ ಕಡಿಮೆ ಇಲ್ಲದ ಜೋಡಿ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯದು ಲಾಕ್. ಟ್ರೇ ಒಳಗಿದ್ದಾಗಲೂ ಲಾಕ್ ಆಗಬೇಕು, ಹೊರಗೆ ಎಳೆದಾಗಲೂ ಆಗಬೇಕು. ಅಡುಗೆಮನೆಯ ಡ್ರಾಯರಿಗೆ ಹಾಕುವ ಮಾಮೂಲಿ ಚಾನೆಲ್‌ಗೆ ಇವೆರಡೂ ಇರುವುದಿಲ್ಲ. ಘಾಟಿಯ ಏರಿನಲ್ಲಿ ಅಂಥ ಟ್ರೇ ತಾನಾಗಿ ಹಿಂದಕ್ಕೆ ಜಾರಿ ಬಾಗಿಲಿಗೆ ಬಡಿಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ ಅಡುಗೆ ಮಾಡುವಾಗ ಕುದಿಯುವ ಪಾತ್ರೆಯ ಸಮೇತ ಒಳಗೆ ಓಡುತ್ತದೆ. ಎರಡೂ ಕಡೆ ಲಾಕ್ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ಬೇಡ.

ಮೂರನೆಯದು ತುಕ್ಕು. ನಮ್ಮದು ಕಡಲತೀರ, ಮೇಲೆ ನಾಲ್ಕು ತಿಂಗಳ ಮಳೆ. ಒಣ ಹವೆಯ ದೇಶಕ್ಕೆಂದು ತೆಳುವಾಗಿ ಸತು ಹಚ್ಚಿದ ಚಾನೆಲ್ ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸಿಕ್ಕರೆ ಒಳ್ಳೆಯದು. ಸಮುದ್ರದ ಗಾಳಿಗೆ 304ಕ್ಕಿಂತ 316 ಗ್ರೇಡ್ ಮೇಲು, ಬೆಲೆಯೂ ಜಾಸ್ತಿ. ಬೇರಿಂಗ್ ಮತ್ತು ಲಾಕಿನ ಬಿಡಿಭಾಗ ಬೇರೆಯಾಗಿ ಸಿಗುತ್ತವೆಯೇ ಕೇಳಿ. ಸಿಗುವುದಾದರೆ ಒಂದು ಸೆಟ್ ಅದೇ ಪಾರ್ಸೆಲ್‌ನಲ್ಲಿ ತರಿಸಿಬಿಡಿ.

ತರಿಸುವ ಲೆಕ್ಕ

ವಿಮಾನದ ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. ಆ ಅಂಕಿ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ದುಡ್ಡು. 120, 60, 30 ಅಳತೆಯ ಟ್ರೇ ಆದರೆ 43 ಕಿಲೋ ಆಯಿತು. ಖಾಲಿ ಪೆಟ್ಟಿಗೆಯೊಳಗಿನ ಗಾಳಿಗೂ ಬಾಡಿಗೆ ಕೊಟ್ಟ ಹಾಗೆ. ಚಾನೆಲ್ ಜೋಡಿಯನ್ನು 125, 20, 10ರ ಡಬ್ಬಿಯಲ್ಲಿ ಕಳಿಸಿದರೆ ಗಾತ್ರದ ಲೆಕ್ಕ ಬರೀ 5 ಕಿಲೋ. ಆಗ ಅದರ ನಿಜವಾದ ತೂಕಕ್ಕಷ್ಟೇ ದುಡ್ಡು ಕೊಟ್ಟರಾಯಿತು.

ಹಡಗು ಅಗ್ಗ ಅನ್ನಿಸುತ್ತದೆ. ಆದರೆ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಮೇಲೆ ಕಂಟೇನರ್ ಬಿಚ್ಚುವ ಗೋದಾಮಿನ ಬಾಡಿಗೆ, ಸರಕು ಬಿಟ್ಟುಕೊಡುವ ಚೀಟಿಯಾದ ಡೆಲಿವರಿ ಆರ್ಡರ್‌ನ ಶುಲ್ಕ, ಕಸ್ಟಮ್ಸ್ ಕೆಲಸ ಮಾಡಿಸುವ ಕ್ಲಿಯರಿಂಗ್ ಏಜೆಂಟರ ಫೀಸು ಎಲ್ಲ ಬೇರೆ. ಒಂದೇ ಪೆಟ್ಟಿಗೆಗೆ ಇವು ಹಡಗಿನ ಬಾಡಿಗೆಯನ್ನೇ ಮೀರಬಹುದು. ಕೊಟೇಶನ್ ಕೇಳುವಾಗ ಇಲ್ಲಿನ ಎಲ್ಲ ಖರ್ಚನ್ನೂ ಬರೆದು ಕೊಡಿ ಎಂದು ಹೇಳಿ. ಮರದ ಪೆಟ್ಟಿಗೆಯಲ್ಲಿ ಕಳಿಸುವುದಾದರೆ ಆ ಮರದ ಮೇಲೆ ಐಎಸ್‌ಪಿಎಂ 15ರ ಮುದ್ರೆ (ಹುಳು ಬಾರದಂತೆ ಮರವನ್ನು ಸಂಸ್ಕರಿಸಿದ್ದಕ್ಕೆ ಅಂತರರಾಷ್ಟ್ರೀಯ ಗುರುತು) ಇರಲೇಬೇಕು. ಇಲ್ಲದಿದ್ದರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ. ರಟ್ಟಿನ ಡಬ್ಬಿಗೆ ಈ ತಲೆನೋವಿಲ್ಲ.

ಈಗ ಸುಂಕ. ಇದನ್ನು ಸಾಮಾನಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸುತ್ತಾರೆ. ಆ ಮೊತ್ತದ ಮೇಲೆ ಮೂಲ ಸುಂಕ, ಮೂಲ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್, ಕೊನೆಗೆ ಎಲ್ಲ ಕೂಡಿಸಿ ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಉದಾಹರಣೆಗೆ ಮೂಲ ಸುಂಕ 15%, ಐಜಿಎಸ್‌ಟಿ 18% ಅಂದುಕೊಳ್ಳಿ. 100 ರೂಪಾಯಿಗೆ ಸುಂಕ 15, ಸರ್ಚಾರ್ಜ್ 1.50, ಒಟ್ಟು 116.50. ಅದರ 18% ಅಂದರೆ 20.97. ಕೈಗೆ ಬರುವಾಗ 137.47. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಸಾಮಾನನ್ನು ಸುಂಕದ ಪಟ್ಟಿಯ ಯಾವ ಶೀರ್ಷಿಕೆಗೆ ಸೇರಿಸಿದರು ಎಂಬುದರ ಮೇಲೂ ಬದಲಾಗುತ್ತದೆ. ಸ್ವಂತ ಬಳಕೆಗೆ ತರಿಸಿದ್ದಕ್ಕೆ 9804 ಎಂಬ ಬೇರೆಯೇ ಶೀರ್ಷಿಕೆ ಇದೆ. ದುಡ್ಡು ಕಟ್ಟುವ ಮೊದಲು ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ಆ ದಿನದ ದರ ನೋಡಿ.

ಸ್ವಂತ ಬಳಕೆಗಾದರೆ ಆಮದುದಾರರು ಸರ್ಕಾರದಿಂದ ಪಡೆಯುವ ಆಮದು ಕೋಡ್ (ಐಇಸಿ) ಬೇಕಿಲ್ಲ, ಕೊರಿಯರ್‌ನವರಿಗೆ ಗುರುತಿನ ದಾಖಲೆ ಕೊಟ್ಟರೆ ಸಾಕು. ನಾಲ್ಕು ಜೋಡಿ ತರಿಸಿ ಗೆಳೆಯರಿಗೆ ಮಾರುವ ಯೋಚನೆ ಇದ್ದರೆ ಅದು ವ್ಯಾಪಾರ, ಆಗ ಕೋಡ್ ಮಾಡಿಸಬೇಕು. ಅಮೆರಿಕದಲ್ಲಿರುವ ಮಗನಿಗೋ ಅಳಿಯನಿಗೋ ಹೇಳಿ ‘ಗಿಫ್ಟ್’ ಎಂದು ಬರೆಸಿ ಕಳಿಸುವುದಂತೂ ಬೇಡವೇ ಬೇಡ. ಅಂಚೆ, ಕೊರಿಯರ್ ಮೂಲಕ ಗಿಫ್ಟ್ ಎಂದು ಬಿಡಿಸಿಕೊಳ್ಳುವುದನ್ನು 2019ರ ಡಿಸೆಂಬರಿನಲ್ಲೇ ನಿಷೇಧಿಸಿದರು. ವಿನಾಯಿತಿ ಇಟ್ಟದ್ದು ರಾಖಿಗೆ ಮತ್ತು ಜೀವ ಉಳಿಸುವ ಔಷಧಿಗೆ.

ಪೆಟ್ಟಿಗೆ ಮತ್ತು ಜೋಡಣೆ

ಪುಣೆಯವರಿಗೆ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶ ಇದೆ. ಗಾಡಿ ಕಂಪನಿಗಳಿಗೆ ಶೀಟ್ ಮೆಟಲ್ ಕೆಲಸ ಮಾಡಿ ಪಳಗಿದ ಕೈಗಳು ಅಲ್ಲಿವೆ. ಲೇಸರ್ ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗ್ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಮುಂಬೈಯವರಿಗೆ ಬೋಲ್ಟು, ಬೇರಿಂಗಿಗೆ ನಾಗದೇವಿ ಸ್ಟ್ರೀಟ್. ಚಾನೆಲ್ ಕೈಗೆ ಬಂದ ಮೇಲೆಯೇ ಪೆಟ್ಟಿಗೆಯ ಅಳತೆ ಕೊಡಿ, ಕ್ಯಾಟಲಾಗಿನ ಚಿತ್ರ ನೋಡಿ ಕೊಡಬೇಡಿ. ಎರಡು ಮಿಲಿಮೀಟರ್ ಆಚೀಚೆ ಆದರೂ ಚಾನೆಲ್ ಬಿಗಿಯಾಗುತ್ತದೆ. ತಳದಲ್ಲಿ ನೀರು ಹರಿದುಹೋಗಲು ತೂತು ಬಿಡಿಸಿ. ಅಲ್ಯೂಮಿನಿಯಂ ಪೆಟ್ಟಿಗೆಗೆ ಸ್ಟೀಲ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಇರಲಿ. ಉಪ್ಪುಗಾಳಿಯಲ್ಲಿ ಆ ಎರಡು ಲೋಹ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ.

ನೆಲಕ್ಕೆ ತೂತು ಕೊರೆಯುವ ಮುಂಚೆ ವ್ಯಾನಿನ ಕೆಳಗೆ ಮಲಗಿ ನೋಡಿ. ಇಂಧನದ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲ ಅಲ್ಲೇ ಇರುತ್ತವೆ. ಸಾಧ್ಯವಾದರೆ ಕಂಪನಿಯೇ ಕೊಟ್ಟ ಬೋಲ್ಟಿನ ಜಾಗಗಳನ್ನೇ ಬಳಸಿ. ಹೊಸ ತೂತಾದರೆ ಅಡಿಯಲ್ಲಿ ಅಗಲವಾದ ಕಬ್ಬಿಣದ ಪಟ್ಟಿ ಕೊಡಿಸಿ. ತೆಳು ತಗಡಿಗೆ ಬರೀ ಸ್ಕ್ರೂ ಹೊಡೆದರೆ ಜೋರಾಗಿ ಬ್ರೇಕ್ ಹಾಕಿದಾಗ 80 ಕಿಲೋದ ಪೆಟ್ಟಿಗೆ ಕಿತ್ತುಕೊಂಡು ಮುಂದಿನ ಸೀಟಿನವರ ಬೆನ್ನಿಗೆ ಬರುತ್ತದೆ.

ಜಾಗ ಮಾಡಲು ಸೀಟು ತೆಗೆಸುವ ವಿಚಾರವಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ (ನೋಂದಣಿ ಪತ್ರದ) ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ವಿಮೆಯವರಿಗೂ ಬರಹದಲ್ಲಿ ತಿಳಿಸಿ. ಅಪಘಾತವಾದ ಮೇಲೆ ಹೇಳಿದರೆ ಕ್ಲೇಮ್ ಸಿಗುವುದು ಕಷ್ಟ.

ಜೋಡಿಸಿದ ದಿನ ಪೂರ್ತಿ ಭಾರ ಹಾಕಿ, ಟ್ರೇ ಹೊರಗೆಳೆದು ಒಂದು ಗಂಟೆ ಬಿಡಿ. ತುದಿ ಎಷ್ಟು ಬಗ್ಗಿತು ಎಂದು ನೆಲದಿಂದ ಅಳೆದು ಬರೆದಿಡಿ. ಮೊದಲ ಘಾಟಿ ದಾಟಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ, ಅದೇ ಅಳತೆ ಮತ್ತೆ ತೆಗೆಯಿರಿ. ಬಗ್ಗುವುದು ಹೆಚ್ಚಾಗಿದ್ದರೆ ಫ್ರಿಜ್ಜನ್ನೋ ನೀರಿನ ಕ್ಯಾನನ್ನೋ ಟ್ರೇಯಿಂದ ಇಳಿಸಿ ನೆಲಕ್ಕೆ ಕಟ್ಟಿ.