ನಿಡ್ಡರ್‌ಡೇಲ್ ವೇ ನಡೆಯುವುದಾದರೆ ಮೊದಲು ಮೋಡ ನೋಡಿ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ನಮ್ಮವರು ನಾಲ್ಕು ದಿನ ರಜೆ ಇದೆ, ಎಲ್ಲಿಗೆ ಹೋಗೋಣ ಅಂತ ಕೇಳಿದರೆ ನಾನು ಹೇಳುವುದು ಯಾರ್ಕ್‌ಶೈರ್‌ನ ನಿಡ್ಡರ್‌ಡೇಲ್ ವೇ. 53 ಮೈಲಿ, ಅಂದರೆ ಸುಮಾರು 85 ಕಿಲೋಮೀಟರ್. ನಿಡ್ ನದಿಯ ಕಣಿವೆಗೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರುವ ಕಾಲುದಾರಿ. ಮೂರೇ ದಿನದಲ್ಲಿ ಮುಗಿಸಲು ಹೋಗಬೇಡಿ. ಇಲ್ಲಿ ನಿಂತು ನೋಡುವುದು ಜಾಸ್ತಿ ಇದೆ.

ಪೇಟ್ಲಿ ಬ್ರಿಡ್ಜ್‌ನಿಂದ ಶುರು ಮಾಡಿ. ಹ್ಯಾರೋಗೇಟ್‌ವರೆಗೆ ರೈಲು, ಅಲ್ಲಿಂದ 24ನೇ ನಂಬರ್ ಬಸ್. ಈ ಊರು ಕಣಿವೆಯ ನಡುವೆ ಇರುವುದೇ ನಮಗೆ ಅನುಕೂಲ. ಮೇಲಿನ ಅರ್ಧ ಬರೀ ಮೂರ್‌ಲ್ಯಾಂಡ್, ಗಾಳಿಗೆ ಮೈಯೊಡ್ಡಿದ ಬೋಳು ಗುಡ್ಡಗಳು. ಕೆಳಗಿನ ಅರ್ಧದಲ್ಲಿ ಕಾಡು, ಹೊಲ, ಹಳ್ಳಿ. ಹವಾಮಾನ ವರದಿ ನೋಡಿ, ಮಳೆಯಿಲ್ಲದ ದಿನಗಳನ್ನು ಮೇಲಿನ ಅರ್ಧಕ್ಕೆ ಎತ್ತಿಡಿ. ಗುಡ್ಡದ ಮೇಲೆ ಮಂಜು ಇಳಿದರೆ ದಾರಿಯೇ ಕಾಣುವುದಿಲ್ಲ. ಫೋನ್ ಜೊತೆಗೆ ಕಾಗದದ ನಕ್ಷೆಯೂ ಬೇಕೇ ಬೇಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 298 ನಕ್ಷೆಯಲ್ಲಿ ಬಹುಪಾಲು ದಾರಿ ಸಿಗುತ್ತದೆ.

ಮೊದಲ ದಿನ ಗೌತ್‌ವೇಟ್ ಜಲಾಶಯದ ಪಕ್ಕದಲ್ಲಿ ಸಲೀಸಾದ ನಡಿಗೆ. ರಾತ್ರಿ ಲಾಫ್ಟ್‌ಹೌಸ್ ಅಥವಾ ಮಿಡಲ್ಸ್‌ಮೂರ್‌ನಲ್ಲಿ ಉಳಿಯಿರಿ. ರೂಮುಗಳು ಕಡಿಮೆ, ಮುಂಚೆಯೇ ಬುಕ್ ಮಾಡಿ. ಮಿಡಲ್ಸ್‌ಮೂರ್ ಗುಡ್ಡದ ನೆತ್ತಿಯ ಮೇಲಿರುವ ಹಳ್ಳಿ. ಅಲ್ಲಿನ ಚರ್ಚಿನ ಅಂಗಳದಿಂದ ಕಣಿವೆ ಉದ್ದಕ್ಕೂ ಕಾಣುತ್ತದೆ.

ಎರಡನೇ ದಿನ ಸ್ಕಾರ್ ಹೌಸ್ ಅಣೆಕಟ್ಟು. ಬ್ರ್ಯಾಡ್‌ಫರ್ಡ್ ನಗರಕ್ಕೆ ಕುಡಿಯುವ ನೀರು ಕೊಡಲು ಕಟ್ಟಿ 1936ರಲ್ಲಿ ಮುಗಿಸಿದ್ದು. ಅದರ ಮೇಲೆಯೇ ನಡೆದು ದಾಟಬೇಕು. ವಸಂತದಲ್ಲಿ ಕರ್ಲ್ಯೂ ಹಕ್ಕಿಯ ಉದ್ದನೆಯ ಕೂಗು ಕೇಳುತ್ತಲೇ ಇರುತ್ತದೆ. ಅವು ನೆಲದಲ್ಲೇ ಗೂಡು ಕಟ್ಟುತ್ತವೆ, ದಯವಿಟ್ಟು ದಾರಿ ಬಿಟ್ಟು ಇಳಿಯಬೇಡಿ. ಗುಡ್ಡವೆಲ್ಲ ನೇರಳೆ ಬಣ್ಣವಾಗುವುದನ್ನು ನೋಡಬೇಕಾದರೆ ಆಗಸ್ಟ್‌ನಲ್ಲಿ ಬನ್ನಿ, ಹೆದರ್ ಅನ್ನುವ ಕುರುಚಲು ಗಿಡ ಹೂ ಬಿಡುವ ಕಾಲ.

ವಾಪಸ್ ಲಾಫ್ಟ್‌ಹೌಸ್‌ಗೆ ಇಳಿಯುವಾಗ ನದಿಯನ್ನು ಗಮನಿಸಿ. ಒಣ ದಿನಗಳಲ್ಲಿ ನಿಡ್ ಅಲ್ಲಿ ಮಾಯ! ಸುಣ್ಣಕಲ್ಲಿನ ನೆಲದಲ್ಲಿ ಮ್ಯಾಂಚೆಸ್ಟರ್ ಹೋಲ್, ಗಾಯ್ಡನ್ ಪಾಟ್ ಅನ್ನುವ ಗುಹೆಗಳಿವೆ. ನೀರೆಲ್ಲ ಅವುಗಳೊಳಗೆ ಇಳಿದು, ನೆಲದಡಿಯಲ್ಲೇ ಹರಿದು, ಲಾಫ್ಟ್‌ಹೌಸ್‌ನ ಕೆಳಗೆ ನಿಡ್ ಹೆಡ್ಸ್‌ನಲ್ಲಿ ಮತ್ತೆ ಮೇಲೆ ಬರುತ್ತದೆ. ಮೇಲೆ ಉಳಿಯುವುದು ಬೆಳ್ಳಗೆ ಒಣಗಿದ ಕಲ್ಲು, ಅಂಚಿನಲ್ಲಿ ಪಾಚಿ. ನೋಡಿ, ಆದರೆ ಗುಹೆಯೊಳಗೆ ಹೋಗಬೇಡಿ. ಮಳೆ ಬಂದರೆ ನೀರು ಒಮ್ಮೆಗೇ ನುಗ್ಗುತ್ತದೆ.

ಕೆಳಗಿನ ಅರ್ಧಕ್ಕೆ ಜಾಸ್ತಿ ಹೇಳುವುದು ಬೇಡ. ಬ್ರಿಮಮ್ ರಾಕ್ಸ್‌ನ ಬಂಡೆಗಳಿಗೆ ಒಂದು ಗಂಟೆ ಇಡಿ, ರಿಪ್ಲಿಯಲ್ಲಿ ಚಹಾ ಕುಡಿಯಿರಿ. ಮಕ್ಕಳಿದ್ದರೆ ಈ ಭಾಗ ಮಾತ್ರ ನಡೆದರೂ ಸಾಕು.

ಊಟ ಹೊತ್ತುಕೊಂಡೇ ಹೋಗಿ. ಪೇಟ್ಲಿ ಬ್ರಿಡ್ಜ್ ದಾಟಿದ ಮೇಲೆ ಅಂಗಡಿ ನಂಬಿಕೊಳ್ಳುವಂತಿಲ್ಲ. ಚಟ್ನಿಪುಡಿ, ತುಪ್ಪ ಸವರಿ ಸುತ್ತಿದ ಚಪಾತಿ ಎರಡು ದಿನ ಕೆಡುವುದಿಲ್ಲ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಒಳ್ಳೆ ರೇನ್ ಜಾಕೆಟ್, ಪಾದ ಮುಚ್ಚುವ ಬೂಟು, ಎರಡು ಜೊತೆ ಉಣ್ಣೆ ಸಾಕ್ಸ್ ಇರಲಿ. ಕುರಿಗಳಿರುವ ಜಾಗ, ಪ್ರತಿ ಗೇಟನ್ನೂ ದಾಟಿದ ಕೂಡಲೇ ಮುಚ್ಚಿ. ಕಡೆಯ ದಿನ ಹ್ಯಾರೋಗೇಟ್ ಕಡೆಗಿನ ಕೊನೆ ಬಸ್ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆ ಹೊರಡುವ ಮುಂಚೆಯೇ ನೋಡಿಕೊಳ್ಳಿ.